ಮೊದಲು ಹಿಂಬದಿ ತೋರಿಸು

(ಹೋದ ತಿಂಗಳು ಇಳಕಲ್ಲಿನಲ್ಲಿ ಹೊಸದಾಗಿ ನೌಕರಿಗೆ ಸೇರಿದ ಪ್ರಾಥಮಿಕ ಶಾಲೆಯ ಶಿಕ್ಷಕರು, ಶಿಕ್ಷಕರ ತರಬೇತಿ ಓದುತ್ತಿರುವ ಹುಡುಗ ಹುಡುಗಿಯರು, ಅವರ ಜೊತೆ ಬಂದ ಊರಿನ ಕೆಲವರು ಸೇರಿದ್ದರು. ಅವರ ಮುಂದೆ ಆಡಿದ ಮಾತು ಇದು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಆಡಿದ ಹಾಗೇ ಬರೆದಿದ್ದೇನೆ. ಹೊತ್ತು ಸಾಲದೆ ಬಿಟ್ಟದ್ದನ್ನು ಒಂದೆರಡು ಕಡೆ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು.

ನನಗೆ ಕೊಟ್ಟ ವಿಷಯ ‘ಶಿಕ್ಷಕರ ವೃತ್ತಿ ಬೆಳವಣಿಗೆ’. ಫೋನಿನಲ್ಲಿ ಕೇಳಿದಾಗ ಹೂಂ ಅಂದೆ. ಆಮೇಲೆ ರಾತ್ರಿ ರೊಟ್ಟಿ ಬಡಿಯುತ್ತಾ ಯೋಚನೆ ಮಾಡಿದೆ. ಶಿಕ್ಷಕರ ತರಬೇತಿಯ ಟಿಸಿಎಚ್ ಮುಗಿಸಿ 2004ರಲ್ಲಿ ಸಹ ಶಿಕ್ಷಕಿಯಾಗಿ ಸೇರಿದೆ, ಇವತ್ತಿಗೂ ಸಹ ಶಿಕ್ಷಕಿಯೇ. ಬಡ್ತಿ, ಹುದ್ದೆ ಅಂತ ನೋಡಿದರೆ ತೋರಿಸೋಕೆ ಏನೂ ಇಲ್ಲ. ಆದರೆ 2004ರಲ್ಲಿ ಕರಿಹಲಗೆ ಮುಂದೆ ನಿಂತ ಅಕ್ಕೋರು ಬೇರೆ, ಇವತ್ತು ನಿಂತಿರೋ ಅಕ್ಕೋರು ಬೇರೆ. ಇದು ನನಗೆ ಗೊತ್ತು, ನನ್ನ ಹಳೇ ವಿದ್ಯಾರ್ಥಿಗಳು ಸಿಕ್ಕಾಗ ಅವರ ಮುಖದಲ್ಲೂ ಕಾಣುತ್ತದೆ. ಆ ಫರಕು ಎಲ್ಲಿಂದ ಬಂತು ಅನ್ನೋದನ್ನಷ್ಟೇ ಹೇಳ್ತೀನಿ.

ಹೇಳಬೇಕು ಅಂದರೆ ಕಸೂತಿಯಿಂದ ಶುರು ಮಾಡಬೇಕು.

ನಮ್ಮ ಅತ್ತೆಯವರು ಈ ಊರಿನವರೇ. ಮದುವೆಯಾಗಿ ಬಂದ ಹೊಸದರಲ್ಲಿ ಮಧ್ಯಾಹ್ನ ಅವರ ಪಕ್ಕ ಕೂತು ಕಸೂತಿ ಕಲಿತೆ. ಇಲ್ಲಿರುವ ಹೆಣ್ಣುಮಕ್ಕಳಲ್ಲಿ ಸುಮಾರು ಜನರಿಗೆ ಇದು ಗೊತ್ತಿರುತ್ತದೆ, ಗೊತ್ತಿಲ್ಲದವರಿಗಾಗಿ ಹೇಳ್ತೀನಿ. ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ನೇಯ್ದ ಎಳೆಗಳನ್ನು ಎಣಿಸಿಕೊಂಡೇ ಸೂಜಿ ಚುಚ್ಚಬೇಕು. ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಅಂತ ನಾಲ್ಕು ಬಗೆ. ಗವಂತಿ ಅಂದರೆ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಖಾಲಿ ಬಿಡುತ್ತಾ ಹೋಗುವುದು, ವಾಪಸ್ ಬರುವಾಗ ಖಾಲಿ ಬಿಟ್ಟದ್ದನ್ನು ತುಂಬುತ್ತಾ ಬರುವುದು. ಮುರ್ಗಿಯೂ ಹೀಗೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಇಳಿಯುತ್ತದೆ. ಈ ಎರಡನ್ನು ಸರಿಯಾಗಿ ಹಾಕಿದರೆ ಬಟ್ಟೆಯ ಮುಂದೆ ಹಿಂದೆ ಒಂದೇ ಚಿತ್ರ ಕಾಣುತ್ತದೆ, ಯಾವುದು ಮುಂದು ಯಾವುದು ಹಿಂದು ಅಂತ ಹೇಳೋಕೆ ಬರುವುದಿಲ್ಲ.

ನಾನು ಮೊದಲ ಸಲ ಒಂದು ತುಳಸಿಕಟ್ಟೆ ಹಾಕಿ ಮುಗಿಸಿ ಖುಷಿಯಿಂದ ತೋರಿಸೋಕೆ ಹೋದೆ. ಅತ್ತೆ ಚಷ್ಮಾ ಹಾಕಿಕೊಂಡು, ‘ಹಿಂದಿನ ಮಗ್ಗಲ ತೋರ್ಸು ಮೊದಲ’ ಅಂದರು. ಮುಂದಿನ ಭಾಗ ನೋಡಲೇ ಇಲ್ಲ. ಬಟ್ಟೆ ತಿರುವಿದರು. ಹಿಂದೆ ಎರಡು ಕಡೆ ದಾರ ಉದ್ದಕ್ಕೆ ಎಳೆದು ಹೋಗಿತ್ತು. ಮುಂದೆ ತಪ್ಪು ಕಾಣದ ಹಾಗೆ ನಾನು ಅಡ್ಡದಾರಿ ಹಿಡಿದಿದ್ದೆ. ಅವರು ಬಯ್ಯಲಿಲ್ಲ. ಹಿಂದಿನ ದಾರದ ಮೇಲೆ ಬೆರಳಿಟ್ಟು, ‘ಇಲ್ಲಿ ಎಣಕಿ ತಪ್ಪೀದಿ. ಎಂಟು ಎಳಿ ಬಿಡೋದು ಒಂಬತ್ತು ಬಿಟ್ಟೀದಿ. ಆಮ್ಯಾಗ ಮುಚ್ಚಾಕ ನೋಡೀದಿ’ ಅಂದರು. ನನ್ನ ಸೂಜಿ ಎಲ್ಲಿ ತಡವರಿಸಿತು, ಎಲ್ಲಿ ಗಾಬರಿ ಆಯ್ತು, ಎಲ್ಲಿ ಹೇಗೋ ಮುಗಿದರೆ ಸಾಕು ಅನ್ನಿಸಿತು, ಎಲ್ಲಾ ಅವರಿಗೆ ಹಿಂಬದಿಯಲ್ಲಿ ಕಂಡಿತ್ತು.

ಮನೆಯಲ್ಲಿ ಇದನ್ನು ಕಲಿತೆ. ಶಾಲೆಗೆ ಅದನ್ನು ತರೋಕೆ ನನಗೆ ಇನ್ನೂ ಏಳೆಂಟು ವರ್ಷ ಹಿಡಿಯಿತು. ಯಾಕೆ ಅಷ್ಟು ತಡ ಆಯ್ತು ಅಂದರೆ, ಮನೆ ಕೆಲಸ ಬೇರೆ, ಶಾಲೆ ಕೆಲಸ ಬೇರೆ ಅಂತ ನಾನು ತಿಳಿದಿದ್ದೆ. ಮನೆಯಲ್ಲಿ ನನಗೆ ಇಷ್ಟವಾದದ್ದನ್ನೆಲ್ಲ ಬಾಗಿಲ ಹೊರಗೆ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ತರಗತಿಯ ಒಳಗೆ ಹೋಗುತ್ತಿದ್ದೆ.

ಮೂರನೇ ತರಗತಿಯ ಒಬ್ಬ ಹುಡುಗ. 41ರಲ್ಲಿ 17 ಕಳೆಯೋ ಅಂದರೆ 36 ಅಂತ ಬರೆದ. ಹತ್ತು ಲೆಕ್ಕ ಕೊಟ್ಟರೆ ಆರು ತಪ್ಪು. ನಾನು ಕೆಂಪು ಪೆನ್ನಿನಿಂದ ಅಡ್ಡ ಗೀಟು ಎಳೆದು, ಸರಿ ಉತ್ತರ ಬರೆದು, ಐದೈದು ಸಲ ಬರಿ ಅಂದೆ. ಐದೈದು ಸಲ ಬರೆದ. ಮಾರನೇ ದಿನ ಮತ್ತೆ ಅದೇ ತಪ್ಪು. ಎಷ್ಟು ದಿನ ಹೀಗೆ ನಡೆಯಿತೋ ಲೆಕ್ಕ ಇಲ್ಲ. ಒಂದು ದಿನ ನನಗೇ ಬೇಜಾರಾಗಿ, ಅವನನ್ನು ಪಕ್ಕ ಕೂರಿಸಿಕೊಂಡು, ‘ಹೆಂಗ ಮಾಡ್ದಿ, ಹೇಳ್ಕೋತ ಮಾಡು ನೋಡೋಣು’ ಅಂದೆ.

ಅವನು ಹೇಳಿದ: ‘ಒಂದರಾಗ ಏಳು ಹೋಗಂಗಿಲ್ರೀ ಅಕ್ಕೋರ. ಅದಕ್ಕ ಏಳರಾಗ ಒಂದು ತಗದೆ, ಆರು. ನಾಕರಾಗ ಒಂದು ತಗದೆ, ಮೂರು. ಮೂವತ್ತಾರು. ನೀವ ಹೇಳೀರಲ್ರೀ, ದೊಡ್ಡದರಾಗ ಸಣ್ಣದು ಕಳೀಬೇಕಂತ.’

ಹೌದು. ನಾನೇ ಹೇಳಿದ್ದೆ. ಒಂದನೇ ತರಗತಿಯಲ್ಲಿ ಒಂದಂಕಿ ಕಳೆಯುವ ಲೆಕ್ಕ ಹೇಳಿಕೊಡುವಾಗ ನೂರು ಸಲ ಹೇಳಿದ್ದೆ. ಆ ಹುಡುಗ ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದ. ಎರಡು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಅದಕ್ಕೆ ನಾನು ದಿನಾ ಕೆಂಪು ಗೀಟು ಎಳೆಯುತ್ತಿದ್ದೆ. ಅವತ್ತು ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ನನಗೆ ಅತ್ತೆಯ ಮಾತು ನೆನಪಾಯಿತು. ನಾನು ಇಷ್ಟು ವರ್ಷ ಬಟ್ಟೆಯ ಮುಂದಿನ ಭಾಗ ಮಾತ್ರ ನೋಡಿ ಗುರುತು ಹಾಕಿದ್ದೆ.

ಮಾರನೇ ದಿನ ಅವನಿಗೆ ನಾಲ್ಕು ಕಡ್ಡಿ ಕಟ್ಟು, ಒಂದು ಬಿಡಿ ಕಡ್ಡಿ ಕೊಟ್ಟೆ. ಒಂದೊಂದು ಕಟ್ಟಿನಲ್ಲೂ ಹತ್ತು ಕಡ್ಡಿ. ಇದರಲ್ಲಿ ಹದಿನೇಳು ಕಡ್ಡಿ ನನಗೆ ಕೊಡು ಅಂದೆ. ಒಂದು ಕಟ್ಟು ಕೊಟ್ಟ. ಇನ್ನೂ ಏಳು ಬೇಕಲ್ಲ, ಬಿಡಿ ಇರುವುದು ಒಂದೇ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ತಾನೇ ಒಂದು ಕಟ್ಟಿನ ರಬ್ಬರ್ ಬಿಚ್ಚಿದ. ನಾನು ಬಿಚ್ಚು ಅಂತ ಹೇಳಲಿಲ್ಲ. ಉಳಿದದ್ದು ಎಣಿಸಿದ, ಎರಡು ಕಟ್ಟು, ನಾಲ್ಕು ಬಿಡಿ. ‘ಇಪ್ಪತ್ನಾಕು’ ಅಂತ ಹೇಳಿ, ತನ್ನ ಪಾಟಿ ಮೇಲಿದ್ದ 36 ನೋಡಿ, ಅಂಗೈಯಿಂದ ಒರೆಸಿಬಿಟ್ಟ.

ಅವತ್ತಿನಿಂದ ನನ್ನ ತರಗತಿಯಲ್ಲಿ ಒಂದು ನಿಯಮ. ತಪ್ಪನ್ನು ನನಗೆ ತೋರಿಸದೆ ಪಾಟಿ ಒರೆಸಬಾರದು. ಪಾಟಿಯ ಕಷ್ಟ ಅದೇ ಅಲ್ವಾ, ಒದ್ದೆ ಬಟ್ಟೆ ಆಡಿಸಿದರೆ ಮಗು ಯೋಚನೆ ಮಾಡಿದ್ದೆಲ್ಲ ಹೋಗಿಬಿಡುತ್ತದೆ. ನೋಟ್‌ಬುಕ್ಕಿನ ಕೊನೇ ಹಾಳೆಗಳನ್ನೂ ನೋಡೋಕೆ ಶುರು ಮಾಡಿದೆ. ಮಕ್ಕಳು ಅಲ್ಲಿ ಗೀಚಿರುತ್ತಾರೆ, ಬೆರಳೆಣಿಸಿದ ಗುರುತು ಹಾಕಿರುತ್ತಾರೆ. ಇಪ್ಪತ್ತಾರು ಬರಿ ಅಂದರೆ 206 ಅಂತ ಬರೆಯುವ ಮಗುವಿಗೆ ಕಿವಿ ಚೆನ್ನಾಗಿದೆ. ಇಪ್ಪತ್ತು ಕೇಳಿತು, 20 ಬರೆಯಿತು. ಆರು ಕೇಳಿತು, ಪಕ್ಕದಲ್ಲಿ 6 ಬರೆಯಿತು. ನಿಪ್ಪಾಣಿ ಕಡೆ ಕೆಲಸ ಮಾಡುವ ನನ್ನ ಗೆಳತಿಯೊಬ್ಬಳು ಇನ್ನೊಂದು ಹೇಳಿದಳು. ಅವಳ ತರಗತಿಯಲ್ಲಿ ಮನೆಯಲ್ಲಿ ಮರಾಠಿ ಮಾತಾಡುವ ಮಕ್ಕಳು 27ಕ್ಕೆ 72 ಬರೆಯುತ್ತಿದ್ದರಂತೆ. ಮರಾಠಿಯಲ್ಲಿ ಇಪ್ಪತ್ತೇಳಕ್ಕೆ ‘ಸತ್ತಾವೀಸ್’ ಅಂತಾರೆ, ಏಳು ಮೊದಲು ಬರುತ್ತದೆ, ಇಪ್ಪತ್ತು ಆಮೇಲೆ. ಆ ಮಗು ಕೇಳಿದ ಸಾಲಿನಲ್ಲೇ ಬರೆಯುತ್ತಿತ್ತು. ಇದು ಗೊತ್ತಿಲ್ಲದಿದ್ದರೆ ಆ ಮಗುವನ್ನು ದಡ್ಡ ಅಂತೀವಿ. ಗೊತ್ತಾದರೆ ಎರಡು ದಿನದಲ್ಲಿ ತಿದ್ದಬಹುದು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರ್ತೀನಿ.

2011ರಿಂದ ನಾನು ಹುನಗುಂದ ತಾಲೂಕಿನ ಒಂದು ತಾಂಡಾದ ಕಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ಒಂದರಿಂದ ಐದು. ಮಕ್ಕಳೆಲ್ಲ ಲಂಬಾಣಿ ಮನೆಯವರು. ನಲಿಕಲಿ ತರಗತಿ ನನ್ನದು, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡು, ಚಟುವಟಿಕೆಗಳಿಂದ ಕಲಿಯುವ ತರಗತಿ. 2016ರ ಜೂನ್‌ನಲ್ಲಿ ಒಂದನೇ ತರಗತಿಗೆ ಒಬ್ಬ ಹುಡುಗಿ ಸೇರಿದಳು. ಜೂನ್, ಜುಲೈ, ಆಗಸ್ಟ್. ಒಂದು ಮಾತು ಆಡಲಿಲ್ಲ. ಹಾಡಿಗೆ ಬಾಯಿ ಬಿಡುವುದಿಲ್ಲ, ಹೆಸರು ಕೇಳಿದರೆ ನೆಲ ನೋಡುತ್ತಾಳೆ. ಬಿಸಿಯೂಟದ ಗಂಟೆಗೆ ಮಾತ್ರ ತಟ್ಟೆ ಹಿಡಿದು ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಲ್ಲುತ್ತಿದ್ದಳು. ಕಿವಿ ಕೇಳುತ್ತದೋ ಇಲ್ಲವೋ ಅಂತ ನನಗೆ ಅನುಮಾನ ಬಂತು. ದಾಖಲೆಯಲ್ಲಿ ‘ನಿಧಾನ ಕಲಿಕೆ’ ಅಂತ ಬರೆದೆ. ಆ ಎರಡು ಶಬ್ದ ಬರೆದದ್ದಕ್ಕೆ ನನಗೆ ಇವತ್ತಿಗೂ ನೋವಿದೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಚಿತ್ರಪಟ ಹಿಡಿದುಕೊಂಡು ಕೊಡದಿಂದ ನೀರು ಸುರಿಯುವ ಚಿತ್ರ ತೋರಿಸಿದೆ. ಇದೇನು ಅಂದೆ. ಅವಳು ಮೊದಲ ಸಲ ಬಾಯಿ ಬಿಟ್ಟು, ‘ಪಾಣಿ’ ಅಂದಳು. ನಾನು ತಕ್ಷಣ, ‘ಪಾಣಿ ಅಲ್ಲವ್ವಾ, ನೀರು, ನೀರು ಅನ್ನು’ ಅಂದುಬಿಟ್ಟೆ. ಒಳ್ಳೇ ಮಾತಿನಲ್ಲೇ ಅಂದೆ. ಆದರೂ ಅವಳ ಬಾಯಿ ಮತ್ತೆ ಮುಚ್ಚಿತು. ಮೂರು ತಿಂಗಳು ಕಾದು ಬಂದ ಮೊದಲ ಮಾತಿಗೆ ನಾನು ‘ಅಲ್ಲ’ ಅಂದಿದ್ದೆ.

ಆಗ ಮೂರನೇ ತರಗತಿಯ ಅವಳ ಅಣ್ಣನ ವಾರಿಗೆಯ ಹುಡುಗ ಒಬ್ಬ ಎದ್ದು ನಿಂತು, ‘ಅಕ್ಕೋರ, ಆಕಿ ಸರೀನ ಹೇಳ್ಯಾಳ್ರೀ. ನಮ್ಮನ್ಯಾಗ ನೀರಿಗೆ ಪಾಣಿ ಅಂತೀವ್ರೀ’ ಅಂದ. ಐದು ವರ್ಷ ಆ ತಾಂಡಾದಲ್ಲಿ ಕೆಲಸ ಮಾಡಿದ್ದೆ. ಆ ಮಕ್ಕಳ ಮನೆಮಾತಿನ ಹತ್ತು ಶಬ್ದ ನನಗೆ ಬರುತ್ತಿರಲಿಲ್ಲ. ಬೇಕು ಅಂತ ಅನ್ನಿಸಿಯೂ ಇರಲಿಲ್ಲ.

ಅವತ್ತೇ ಅಂಗಡಿಯಿಂದ 200 ಪುಟದ ಒಂದು ನೋಟ್‌ಬುಕ್ ತಂದೆ. ಒಂದು ಕಡೆ ಕನ್ನಡ ಶಬ್ದ, ಎದುರಿಗೆ ಅವರ ಶಬ್ದ, ಕನ್ನಡ ಲಿಪಿಯಲ್ಲೇ. ಮೂರನೇ ತರಗತಿಯ ಮಕ್ಕಳು ನನಗೆ ಗುರುಗಳು. ಊಟದ ನಂತರ ಹದಿನೈದು ನಿಮಿಷ. ಅಮ್ಮನಿಗೆ ‘ಯಾಡಿ’. ರೊಟ್ಟಿಗೆ ‘ಬಾಟಿ’. ನಾನು ಹೇಳಿದ್ದು ಸರಿ ಇಲ್ಲ ಅಂದರೆ ಅವರು ಬಿಡುತ್ತಿರಲಿಲ್ಲ, ಮತ್ತೆ ಅನ್ನಿಸುತ್ತಿದ್ದರು, ಸರಿ ಹೇಳಿದರೆ ಚಪ್ಪಾಳೆ ಹೊಡೆಯುತ್ತಿದ್ದರು. ಆ ಹುಡುಗಿ ದೂರ ಕೂತು ನೋಡುತ್ತಿದ್ದಳು. ನಾಲ್ಕನೇ ದಿನವೋ ಐದನೇ ದಿನವೋ, ನಾನು ಒಂದು ಶಬ್ದ ತಪ್ಪು ಅಂದಾಗ, ದೂರದಿಂದಲೇ ಅದನ್ನು ಸರಿ ಮಾಡಿ ಹೇಳಿದಳು. ಜೋರಾಗಿ ಹೇಳಿದಳು. ಕಿವಿ ಕೇಳುತ್ತದೋ ಅಂತ ಅನುಮಾನಪಟ್ಟಿದ್ದೆನಲ್ಲ, ಆ ಮಗುವಿನ ಕಿವಿ ನನ್ನ ಕಿವಿಗಿಂತ ಚುರುಕಾಗಿತ್ತು.

ಆಮೇಲೆ ಕನ್ನಡ ತಾನಾಗಿಯೇ ಬಂತು. ಅಂದರೆ ಸುಮ್ನೆ ಬರಲಿಲ್ಲ, ಕೆಲಸ ಮಾಡಬೇಕಾಯಿತು. ಆದರೆ ಬಾಗಿಲು ತೆರೆದಿತ್ತು. ಪಾಣಿ ಅಂದಾಗ ಹೂಂ ಅನ್ನುವುದು, ಕನ್ನಡದಲ್ಲಿ ಇದಕ್ಕೆ ನೀರು ಅಂತೀವಿ ಅನ್ನುವುದು. ಇಷ್ಟೇ ಬದಲಾದದ್ದು.

ನಿಮಗೆ ಒಂದು ಹಳೇ ಸಂಗತಿ ನೆನಪಿಸ್ತೀನಿ. ಡೆಪ್ಯುಟಿ ಚನ್ನಬಸಪ್ಪನವರ ಹೆಸರು ಕೇಳಿದ್ದೀರಿ. 19ನೇ ಶತಮಾನದಲ್ಲಿ ನಮ್ಮ ಈ ಭಾಗವೆಲ್ಲ ಮುಂಬೈ ಆಡಳಿತದಲ್ಲಿದ್ದಾಗ ಶಾಲೆಗಳಲ್ಲಿ ಮರಾಠಿಯದೇ ಕಾರಬಾರು. ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಶಾಲೆಗೆ ಬಂದರೆ ಮರಾಠಿ. ಆ ಪುಣ್ಯಾತ್ಮ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದುಕೊಂಡು ಊರೂರಿಗೆ ಕನ್ನಡ ಶಾಲೆ ತೆರೆಸಿದರು, ಕನ್ನಡ ಶಿಕ್ಷಕರನ್ನು ತಯಾರು ಮಾಡಿದರು. ನಮ್ಮ ಹಿರಿಯರು ‘ಕನ್ನಡ ಸಾಲಿ’ ಅಂತ ಅಭಿಮಾನದಿಂದ ಅಂತಿದ್ದರಲ್ಲ, ಆ ಮಾತಿನ ಹಿಂದೆ ಅವರ ದುಡಿಮೆ ಇದೆ. ನಾವು ಇವತ್ತು ಅವರನ್ನು ನೆನೆಯುತ್ತೇವೆ. ಹಾಗಿದ್ದ ಮೇಲೆ ತಾಂಡಾದ ಮಗು ಶಾಲೆಗೆ ಬಂದು ಮೂಲೆಯಲ್ಲಿ ಮೂಕಾಗಿ ಕೂತಾಗ, ಮರಾಠಿ ಶಾಲೆಯಲ್ಲಿ ಕೂತ ನಮ್ಮ ಮುತ್ತಜ್ಜಂದಿರೇ ಅಲ್ಲಿ ಕೂತಿದ್ದಾರೆ ಅಂತ ನಮಗೆ ಅನ್ನಿಸಬೇಕಲ್ಲ? ಕನ್ನಡ ಕಲಿಸುವುದು ನಮ್ಮ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆ ಮಗುವಿಗೆ ಕನ್ನಡ ಚೆನ್ನಾಗಿ ಬರಬೇಕು. ಆದರೆ ಅದರ ಮನೆಮಾತನ್ನು ಕಸದಂತೆ ಗುಡಿಸಿ ಹೊರಗೆ ಹಾಕಿ ಆ ಜಾಗದಲ್ಲಿ ಕನ್ನಡ ಇಡೋಕೆ ಆಗುವುದಿಲ್ಲ.

ನಲಿಕಲಿಯ ಬಗ್ಗೆ ಹೊಸಬರು ಬಹಳ ಕೇಳ್ತೀರಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಇದು ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಶಿಕ್ಷಕರೇ ಕೂತು ಕಾರ್ಡುಗಳನ್ನು ಮಾಡಿದರು. 2009-10ರ ಹೊತ್ತಿಗೆ ರಾಜ್ಯದ ಎಲ್ಲ ಕಡೆ ಬಂತು. ಶುರುವಿನಲ್ಲಿ ನನಗೂ ಸಿಟ್ಟು ಬರುತ್ತಿತ್ತು. ಅ ಆ ಇ ಈ ಬಿಟ್ಟು ರ, ಗ, ಸ, ದ, ಅ ಅಂತ ಶುರು ಮಾಡುವುದು ಏನು ರೀತಿ ಅನ್ನಿಸುತ್ತಿತ್ತು. ಪಾಲಕರೂ ಬಂದು ಕೇಳುತ್ತಿದ್ದರು. ಒಂದು ರಾತ್ರಿ ಈ ಐದು ಅಕ್ಷರ ಬರೆದುಕೊಂಡು ಸುಮ್ನೆ ಆಟ ಆಡಿದೆ. ಸರ, ರಸ, ದರ, ಅರಸ, ಅಗಸ, ದಸರ, ಗರಗರ, ಸರಸರ. ಐದೇ ಅಕ್ಷರ! ಮಗು ಒಂದು ವಾರ, ಹತ್ತು ದಿನದಲ್ಲಿ ಶಬ್ದ ಓದುತ್ತದೆ. ಅ ಆ ಇ ಈ ಉ ಕಲಿತ ಮಗುವಿಗೆ ಓದೋಕೆ ಏನು ಸಿಗುತ್ತದೆ ಹೇಳಿ? ಆಮೇಲೆ ಜ, ವ, ಮ, ಬ, ನ ಸೇರಿದರೆ ಮರ, ಮನ, ಜನ, ನಗರ, ಅವಸರ. ಅಕ್ಷರಗಳ ಆಕಾರವನ್ನೂ ನೋಡಿ. ಸುತ್ತು ತಿರುಗುವ ಕೈ ಒಂದು ಸಲ ಕೂಡಿದರೆ ಮುಂದಿನದು ಸಲೀಸು. ಯಾರೋ ಮೇಲೆ ಕೂತು ಮಾಡಿದ್ದು ಅಂತ ಬಯ್ಯುತ್ತಿದ್ದೆ, ನಮ್ಮಂಥ ಶಿಕ್ಷಕರೇ ಯೋಚನೆ ಮಾಡಿ ಮಾಡಿದ್ದು ಅಂತ ಗೊತ್ತಾದಾಗ ಗೌರವ ಬಂತು.

ನಮ್ಮ ತಾಂಡಾಕ್ಕೆ ಇದರಿಂದ ಆದ ದೊಡ್ಡ ಉಪಕಾರ ಇನ್ನೊಂದು. ದೀಪಾವಳಿ ಮುಗಿದ ಮೇಲೆ ಸುಮಾರು ಮನೆಗಳಿಗೆ ಬೀಗ ಬೀಳುತ್ತದೆ. ಕೆಲವರು ಗೋವಾಕ್ಕೆ, ಕೆಲವರು ಮಂಗಳೂರು ಕಡೆಗೆ, ಕೆಲವರು ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ ದುಡಿಯಲು ಹೋಗುತ್ತಾರೆ. ಅಜ್ಜಿ ತಾತ ಇದ್ದವರ ಮಕ್ಕಳು ಉಳಿಯುತ್ತಾರೆ, ಇಲ್ಲದವರ ಮಕ್ಕಳು ಜೊತೆಗೇ ಹೋಗುತ್ತಾರೆ. ಯುಗಾದಿ ಹೊತ್ತಿಗೆ ವಾಪಸ್ ಬಂದ ಮಗುವಿಗೆ ಪುಸ್ತಕದ ಪಾಠ ಎಲ್ಲೋ ಮುಂದೆ ಓಡಿರುತ್ತದೆ. ನಲಿಕಲಿಯ ಏಣಿಯಲ್ಲಿ, ಅಂದರೆ ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟದಲ್ಲಿ, ಹಾಗಾಗುವುದಿಲ್ಲ. ಯಾವ ಮೆಟ್ಟಿಲಲ್ಲಿ ಬಿಟ್ಟು ಹೋಗಿತ್ತೋ ಅದೇ ಕಾರ್ಡು ತೆಗೆದುಕೊಂಡು ಕೂರುತ್ತದೆ. ಆ ಹುಡುಗಿಯೂ ಆ ವರ್ಷ ಗೋವಾಕ್ಕೆ ಹೋಗಿ ಬಂದಳು. ಬಂದ ದಿನ ನೇರ ಏಣಿಯ ಹತ್ತಿರ ಹೋಗಿ ತನ್ನ ಚಿತ್ರದ ಗುರುತಿನ ಮೇಲೆ ಬೆರಳಿಟ್ಟಳು. ನಾನು ಮರೆತಿದ್ದೆ. ಅವಳು ಮರೆತಿರಲಿಲ್ಲ.

ತರಬೇತಿಯ ಬಗ್ಗೆ ಹೇಳದಿದ್ದರೆ ಈ ಮಾತು ಮುಗಿಯುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಒಬ್ಬ ಶಿಕ್ಷಕರಿಗೆ ವರ್ಷಕ್ಕೆ ಕಡಿಮೆ ಅಂದರೂ 50 ಗಂಟೆ ವೃತ್ತಿ ಕಲಿಕೆ ಇರಬೇಕು ಅಂತ ಇದೆ. ಆನ್‌ಲೈನ್ ಪಾಠಗಳ ದೀಕ್ಷಾ ಆ್ಯಪ್ 2017ರಲ್ಲಿ ಬಂತು, ಶಿಕ್ಷಕರ ನಿಷ್ಠಾ ತರಬೇತಿ 2019ರಲ್ಲಿ. ನಾನು ಎಲ್ಲಾ ಮಾಡಿದ್ದೇನೆ, ನೀವೂ ಮಾಡಿ. ಕೆಲವು ಒಳ್ಳೆಯವು. ಆದರೆ ನನ್ನನ್ನು ನಿಜವಾಗಿ ಬೆಳೆಸಿದ್ದು ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನ, ತಿಂಗಳ ಸಮಾಲೋಚನಾ ಸಭೆಯ ಅರ್ಧ ಗಂಟೆ. ಮಾಹಿತಿ, ನಮೂನೆ, ಸುತ್ತೋಲೆ ಮುಗಿದ ಮೇಲೆ ಸಭೆ ಮುಗಿಯುತ್ತಿತ್ತು. ನಾನು ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ನಮ್ಮ ಸಿಆರ್‌ಪಿ ಸರ್ ಹತ್ತಿರ ಕೇಳಿಕೊಂಡೆ. ಪ್ರತಿ ತಿಂಗಳು ಒಬ್ಬರು ತಮ್ಮ ತರಗತಿಯ ಒಂದು ಮಗುವಿನ ಒಂದು ತಪ್ಪು ಉತ್ತರ ತರಲಿ, ಮಗುವಿನ ಹೆಸರು ಬೇಡ, ನಾವೆಲ್ಲ ಕೂತು ಆ ಮಗು ಹೇಗೆ ಯೋಚನೆ ಮಾಡಿರಬಹುದು ಅಂತ ಮಾತಾಡೋಣ ಅಂತ. ಅವರು ಒಪ್ಪಿದರು. ಮೊದಲ ತಿಂಗಳು ಯಾರೂ ತರಲಿಲ್ಲ. ತಪ್ಪು ಅಂದರೆ ಶಿಕ್ಷಕರ ಮರ್ಯಾದೆ ಪ್ರಶ್ನೆ ಅಂತ ಎಲ್ಲರಿಗೂ ಅಳುಕು. ನಾನು ನನ್ನ 36 ತೆಗೆದುಕೊಂಡು ಹೋದೆ. ಆಮೇಲೆ ಒಬ್ಬ ಸರ್, ಮೂವತ್ತು ವರ್ಷ ಸರ್ವೀಸು ಆದವರು, ಎದ್ದು, ‘ಇದನ್ನ ನಾನೂ ಹಂಗ ಹೇಳಿ ಕೊಟ್ಟೇನ್ರೀ ಇಷ್ಟು ವರ್ಷ’ ಅಂದರು. ಕೋಣೆ ಒಂದು ಕ್ಷಣ ಗಪ್ಪಾಯಿತು. ಮುಂದಿನ ತಿಂಗಳಿಂದ ತರೋಕೆ ಶುರು ಮಾಡಿದರು. ನೀವು ಹೋಗುವ ಕ್ಲಸ್ಟರುಗಳಲ್ಲಿ ಇದನ್ನು ಮಾಡಿ ನೋಡಿ, ಖರ್ಚಿಲ್ಲ, ಅಪ್ಪಣೆಯೂ ಜಾಸ್ತಿ ಬೇಕಿಲ್ಲ.

ಹಾಲು, ಬಿಸಿಯೂಟ, ಮೊಟ್ಟೆ, ಹಾಜರಿ, ಆನ್‌ಲೈನ್ ಎಂಟ್ರಿ, ಚುನಾವಣೆ ಕೆಲಸ ಇವುಗಳ ನಡುವೆ ಇದಕ್ಕೆಲ್ಲ ಹೊತ್ತೆಲ್ಲಿ ಅಂತೀರಿ. ನಿಜ, ಹೊತ್ತಿಲ್ಲ. ಅದಕ್ಕೇ ನಾನು ಒಂದು ದಿನಕ್ಕೆ ಒಂದೇ ಮಗು ಅಂತ ಇಟ್ಟುಕೊಂಡಿದ್ದೇನೆ. ಒಂದು ಮಗುವಿನ ಪಕ್ಕ ಐದು ನಿಮಿಷ. ಇಪ್ಪತ್ತೆರಡು ಮಕ್ಕಳಿದ್ದರೆ ತಿಂಗಳಿಗೆ ಒಂದು ಸುತ್ತು ಬರುತ್ತದೆ.

ನಿಮ್ಮ ನಿಮ್ಮ ಇಷ್ಟದ ಕೆಲಸಗಳನ್ನು ಮಾತ್ರ ಬಿಡಬೇಡಿ. ಹಾಡು, ಆಟ, ಹೊಲ, ಅಡುಗೆ, ಹಕ್ಕಿ ನೋಡುವುದು, ಏನಾದರೂ ಇರಲಿ. ನೌಕರಿ ಸಿಕ್ಕ ಮೇಲೆ ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಕಸೂತಿ ಈಗ ನಾಲ್ಕನೇ ತರಗತಿಯ ಗಣಿತ. ಚೌಕುಳಿ ಹಾಳೆಯ ಮೇಲೆ ಗೋಪುರದ ಅರ್ಧ ಬರೆದು ಕೊಡ್ತೀನಿ, ಉಳಿದರ್ಧ ಮಕ್ಕಳು ಮನೆ ಎಣಿಸಿ ಬರೆಯುತ್ತಾರೆ. ಗೀಟಿನ ಆ ಕಡೆ ಮೂರು ಮನೆ ಇದ್ದರೆ ಈ ಕಡೆಯೂ ಮೂರು. ಸಮ್ಮಿತಿ ಅನ್ನೋ ಶಬ್ದ ಹೇಳೋ ಮೊದಲೇ ಅವರ ಕೈಗೆ ಅದು ಬಂದಿರುತ್ತದೆ. ಗಂಡು ಹುಡುಗರೂ ಮಾಡುತ್ತಾರೆ, ರಥ ಬರೆಯುವುದರಲ್ಲಿ ಅವರೇ ಮುಂದು.

ಮಣ್ಣೆತ್ತಿನ ಅಮಾವಾಸ್ಯೆಯೂ ಹಾಗೆ. ಕಾರ ಹುಣ್ಣಿಮೆ ಆಗಿ ಹದಿನೈದು ದಿನಕ್ಕೆ, ಶಾಲೆ ಶುರುವಾದ ಹೊಸದರಲ್ಲೇ ಬರುತ್ತದೆ. ಎರೆಮಣ್ಣು ತಂದು ಶಾಲೆಯ ಕಟ್ಟೆ ಮೇಲೆ ಎಲ್ಲರೂ ಎತ್ತು ಮಾಡ್ತೀವಿ. ಒಬ್ಬೊಬ್ಬರು ಒಂದೊಂದು ಜೋಡಿ. ಕಣ್ಣಿಗೆ ಜೋಳದ ಕಾಳು. ಆಮೇಲೆ ಸಾಲಾಗಿ ನಿಲ್ಲಿಸಿ ಕೋಡು ಎಣಿಸಿದರೆ ಎರಡರ ಮಗ್ಗಿ, ಕಾಲು ಎಣಿಸಿದರೆ ನಾಲ್ಕರ ಮಗ್ಗಿ. ಒಂದು ವರ್ಷ ಒಂದು ಎತ್ತಿನ ಕಾಲು ಮುರಿದಿತ್ತು. ಏಳು ಎತ್ತಿಗೆ ಎಷ್ಟು ಕಾಲು ಅಂದರೆ ಒಬ್ಬಳು ಇಪ್ಪತ್ತೇಳು ಅಂದಳು. ತಪ್ಪು ಅನ್ನೋಕೆ ಬಾಯಿ ತೆರೆದವಳು ತಡೆದುಕೊಂಡು ಎತ್ತುಗಳ ಕಡೆ ನೋಡಿದೆ. ಅವಳು ಎದುರಿಗಿದ್ದದ್ದನ್ನು ಎಣಿಸಿದ್ದಳು. ಇಪ್ಪತ್ತೇಳೇ ಸರಿ.

ಇನ್ನೊಂದು ನನ್ನ ಇಷ್ಟದ ಸಂಗತಿ, ಹಳೇ ಕಲ್ಲುಗಳು. ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಅದು ಇಲ್ಲದಿದ್ದರೆ ಹೇಗೆ? ಒಂದು ಸಲ ನಾಲ್ಕು, ಐದನೇ ತರಗತಿ ಮಕ್ಕಳನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆವು. ಕಪ್ಪೆ ಅರಭಟ್ಟನ ಶಾಸನದ ಬಂಡೆ ಹತ್ತಿರ ನಿಂತೆವು. ಸುಮಾರು 1300 ವರ್ಷ ಹಳೆಯದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ತ್ರಿಪದಿ ಅದರಲ್ಲಿದೆ. ನಮ್ಮ ಅಜ್ಜಿಯರು ಬೀಸುವಾಗ ಹಾಡುತ್ತಿದ್ದ ಪದಗಳೂ ತ್ರಿಪದಿಯೇ, ಅದೇ ಮೂರು ಸಾಲಿನ ನಡಿಗೆ. ನಾನು ಇದನ್ನೆಲ್ಲ ಹುರುಪಿನಿಂದ ಹೇಳುತ್ತಿದ್ದೆ. ಒಬ್ಬ ಹುಡುಗ ಬಂಡೆ ಕಡೆ ಕೈ ಮಾಡಿ, ‘ಇದು ಕನ್ನಡ ಏನ್ರೀ? ಹಂಗಾರ ಓದ್ರಿ ಅಕ್ಕೋರ’ ಅಂದ.

ನನಗೆ ಓದೋಕೆ ಬರಲಿಲ್ಲ. ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ ಅನ್ನುವ ಸಾಲು ಬಾಯಿಪಾಠ ಇತ್ತು, ಆದರೆ ಕಲ್ಲಿನ ಮೇಲೆ ಅದು ಎಲ್ಲಿ ಶುರುವಾಗುತ್ತದೆ, ಸಾ ಯಾವುದು, ಧು ಯಾವುದು, ಒಂದೂ ತಿಳಿಯಲಿಲ್ಲ. ನನ್ನದೇ ಭಾಷೆ, ನಮ್ಮದೇ ಜಿಲ್ಲೆಯ ಬಂಡೆ. ಗೆರೆಗಳು ಕಾಣುತ್ತಿವೆ, ಅರ್ಥ ಮಾತ್ರ ಹತ್ತುತ್ತಿಲ್ಲ. ಇಪ್ಪತ್ತು ಜೊತೆ ಕಣ್ಣು ನನ್ನನ್ನೇ ನೋಡುತ್ತಿವೆ. ಒಂದನೇ ತರಗತಿಯ ಮಗು ಬೋರ್ಡಿನ ಮುಂದೆ ನಿಂತಾಗ ಮೈಯಲ್ಲಿ ಏನಾಗುತ್ತದೆ ಅನ್ನುವುದು ನನಗೆ ಅವತ್ತು ಆ ಬಿಸಿಲಲ್ಲಿ ಗೊತ್ತಾಯಿತು. ‘ನನಗೆ ಓದಾಕ ಬರಂಗಿಲ್ಲ, ಕಲೀತೀನಿ’ ಅಂದೆ. ಈಗ ಹಳೇ ಲಿಪಿಯನ್ನು ನಿಧಾನವಾಗಿ ಕಲಿಯುತ್ತಿದ್ದೇನೆ. ಭಾನುವಾರ ಒಂದು ತಾಸು. ಕಷ್ಟ ಇದೆ. ಒಂದು ಅಕ್ಷರ ಗುರುತು ಸಿಕ್ಕರೆ ಒಂದು ವಾರ ಖುಷಿ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದಳು, ತಾಂಡಾದ ಪಾಲಕರು ನಿಮ್ಮ ಜೊತೆ ಹೇಗಿದ್ದಾರೆ ಅಂತ. ಅವತ್ತು ಚಿಕ್ಕದಾಗಿ ಉತ್ತರ ಕೊಟ್ಟೆ, ಇಲ್ಲಿ ಪೂರ್ತಿ ಬರೀತೀನಿ.

ಮೊದಲು ಶಾಲೆಗೆ ಕರೆದರೆ ಯಾರೂ ಬರುತ್ತಿರಲಿಲ್ಲ. ನಾನು ಮನೆಗೆ ಹೋದರೆ ಖುರ್ಚಿ ಹಾಕಿ, ಚಹಾ ಕೊಟ್ಟು, ದೂರ ನಿಲ್ಲುತ್ತಿದ್ದರು. ಒಂದು ಸಲ ‘ಪಾಣಿ’ ಅಂದಿದ್ದ ಆ ಹುಡುಗಿಯ ಮನೆಗೆ ಹೋದಾಗ ನನ್ನ ಚೀಲದಲ್ಲಿ ಅರ್ಧ ಮುಗಿಸಿದ ಕಸೂತಿ ಬಟ್ಟೆ ಇತ್ತು. ನೋಟ್‌ಬುಕ್ ತೆಗೆಯುವಾಗ ಅದು ಹೊರಗೆ ಬಂತು. ಅವಳ ಅಜ್ಜಿ ಕೂತಲ್ಲಿಂದಲೇ ಕೈ ಚಾಚಿದರು. ಕೈಗೆ ಕೊಟ್ಟೆ. ಆ ಅಜ್ಜಿ ಬಟ್ಟೆ ತೆಗೆದುಕೊಂಡು, ಮುಂದಿನ ಭಾಗ ನೋಡದೆ, ತಿರುವಿ ಹಿಂಬದಿ ನೋಡಿದರು. ನನ್ನ ಮೈ ಜುಮ್ ಅಂದಿತು. ಆಮೇಲೆ ಒಳಗೆ ಹೋಗಿ ಟ್ರಂಕಿನಿಂದ ತಮ್ಮ ಹಳೇ ಫೇಟಿಯಾ, ಅಂದರೆ ಲಂಬಾಣಿ ಹೆಣ್ಣುಮಕ್ಕಳು ಉಡುವ ಲಂಗ, ತಂದು ನನ್ನ ತೊಡೆಯ ಮೇಲೆ ಹಾಕಿದರು. ಕನ್ನಡಿ, ಕವಡೆ, ಕೆಂಪು ನೀಲಿ ಹಳದಿ ದಾರ, ಬಟ್ಟೆಯೇ ಕಾಣದ ಹಾಗೆ ಹೊಲಿಗೆ. ಅವರಿಗೆ ಕನ್ನಡ ಅಷ್ಟಕ್ಕಷ್ಟೇ, ನನಗೆ ಅವರ ಮಾತು ಅಷ್ಟಕ್ಕಷ್ಟೇ. ಎರಡು ತಾಸು ಕೂತೆವು. ಕನ್ನಡಿಯ ಸುತ್ತ ದಾರ ಹೇಗೆ ಹಿಡಿಯಬೇಕು ಅಂತ ಅವರು ಮೂರು ಸಲ ಮಾಡಿ ತೋರಿಸಿದರು. ನಾನು ಮಾಡಿದ್ದನ್ನು ಮೂರು ಸಲವೂ ಬಿಚ್ಚಿದರು. ಬಾಗಿಲಲ್ಲಿ ಅಕ್ಕಪಕ್ಕದ ಹೆಣ್ಣುಮಕ್ಕಳು ಸೇರಿ, ಶಾಲೆಯ ಅಕ್ಕೋರು ತಪ್ಪು ಮಾಡುವುದನ್ನು, ಬಿಚ್ಚಿ ಮತ್ತೆ ಮಾಡುವುದನ್ನು ನೋಡುತ್ತಾ ನಿಂತಿದ್ದರು. ಮುಂದಿನ ಪಾಲಕರ ಸಭೆಗೆ ಹನ್ನೊಂದು ಜನ ತಾಯಂದಿರು ಬಂದರು.

ಆ ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ. ನನ್ನ ಶಬ್ದಗಳ ನೋಟ್‌ಬುಕ್ ಈಗ ಮೂರನೆಯದು ನಡೆದಿದೆ, ಅದರಲ್ಲಿ ಅವಳ ಕೈಬರಹವೂ ಇದೆ. ಅಜ್ಜಿಯ ಹತ್ತಿರ ಇನ್ನೂ ಹೋಗ್ತೀನಿ. ಫೇಟಿಯಾದ ಅಂಚಿಗೆ ಹಾಕುವ ಒಂದು ಹೊಲಿಗೆ ಇದೆ, ನೋಡೋಕೆ ನಮ್ಮ ಮುರ್ಗಿಯ ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ, ಆದರೆ ಅದಲ್ಲ. ಅದರ ಹೆಸರು ಹೋದ ವಾರ ಕೇಳಿದೆ, ಸರಿಯಾಗಿ ಕೇಳಿಸಲಿಲ್ಲ. ನೋಟ್‌ಬುಕ್ಕಿನಲ್ಲಿ ಆ ಸಾಲು ಖಾಲಿ ಬಿಟ್ಟಿದ್ದೇನೆ.